ವಲಸಿಗ ವರ್ತಕರೂ ಅಂತರಜಾಲವೂ

ಅಮೆರಿಕದ 1965ರ ವಲಸೆ ಶಾಸನದ ತರುವಾಯ ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ದಕ್ಷಿಣ ಏಷ್ಯದ ವಲಸಿಗರು ಸೀರೆ, ಒಡವೆ, ದಿನಸಿಗಳ ಅಂಗಡಿಗಳನ್ನು ತೆರೆದರು. ಸ್ವಭಾಷಿಕರ ಬಾಯಿಮಾತೇ ಅವುಗಳಿಗೆ ದೊಡ್ಡ ಜಾಹೀರಾತಾಗಿದ್ದಿತು. 2020ರ ಸಾಂಕ್ರಾಮಿಕದಲ್ಲಿ ಅಂಗಡಿಬೀದಿ ನಿರ್ಜನವಾದಾಗ ಅದರ ಮಿತಿ ಪ್ರಕಟವಾಯಿತು.

ಇಂಥವರಿಗೆ ನೆರವಾಗುವವರು ಮೊದಲು ಗಮನಿಸತಕ್ಕದ್ದು ಆಡಂಬರದ ಜಾಲತಾಣವನ್ನಲ್ಲ. ಗೂಗಲ್ ನಕ್ಷೆಯಲ್ಲಿ ವೆಚ್ಚವಿಲ್ಲದೆ ದೊರೆಯುವ ನಮೂದನ್ನು. ಅದರಲ್ಲಿ ಹೆಸರು, ವಿಳಾಸ, ದೂರವಾಣಿ, ವೇಳೆಗಳು ಯಥಾವತ್ತಾಗಿರಬೇಕು. ಒಂದೇ ಹೆಸರನ್ನು ರೋಮನ್ ಲಿಪಿಯಲ್ಲಿ ಬಗೆಬಗೆಯಾಗಿ ಬರೆದರೆ ಒಂದು ಅಂಗಡಿ ಎರಡಾಗಿ ತೋರುವುದುಂಟು.

ಇದಕ್ಕಿಂತಲೂ ಮುಖ್ಯವಾದುದು ಖಾತೆಯ ಒಡೆತನ. ಇಂಗ್ಲಿಷು ಬಲ್ಲ ಪರಿಚಿತನು ತನ್ನ ಹೆಸರಿನಲ್ಲಿ ಅದನ್ನು ತೆರೆದು ಊರು ಬಿಟ್ಟರೆ, ವೇಳೆಯನ್ನು ತಿದ್ದುವುದೂ ವರ್ತಕನಿಗೆ ದುಸ್ಸಾಧ್ಯ. ಆದುದರಿಂದ ಒಡೆತನವನ್ನು ವರ್ತಕನಲ್ಲಿಯೇ ಇರಿಸಿ, ಸಹಾಯಕನನ್ನು ನಿರ್ವಾಹಕನನ್ನಾಗಿ ಸೇರಿಸಬೇಕು. ಲೆಕ್ಕವನ್ನು ಗುಮಾಸ್ತನು ಬರೆದರೂ ಬೀಗದ ಕೈ ಯಜಮಾನನಲ್ಲಿರಬೇಕೆಂಬ ನೀತಿ ಇಲ್ಲಿಯೂ ಸಲ್ಲುತ್ತದೆ.