ಕೊನೆ ಗೊತ್ತಿದ್ದರೆ ಕತೆ ಕೆಡುತ್ತದೆಯೇ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಅಂದರೆ ಇಡೀ ರಾತ್ರಿಯ ಸಂಭ್ರಮ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕೂತರೆ ಏಳುವುದು ಬೆಳಗಿನ ಜಾವಕ್ಕೇ. ದುರ್ಯೋಧನನ ತೊಡೆ ಮುರಿಯುತ್ತದೆಂದು ಮುಂದೆ ಚಾಪೆ ಹಾಸಿ ಕೂತ ಮಕ್ಕಳಿಗೂ ಗೊತ್ತು. ಎಷ್ಟೋ ಜನಕ್ಕೆ ಪದ್ಯಗಳೇ ಬಾಯಿಪಾಠ. ಆದರೂ ಪಾತ್ರಧಾರಿ ಪದ್ಯ ಎತ್ತಿ ಮೇಲಿನ ಸ್ವರದಲ್ಲಿ ನಿಲ್ಲಿಸಿದರೆ ‘ಒನ್ಸ್ ಮೋರ್’ ಕೂಗು ಏಳುತ್ತದೆ, ಕರ್ಣನ ರಥದ ಚಕ್ರ ಹೂತಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಶಿರಾ ಸೀಮೆಯ ಕಾಡುಗೊಲ್ಲರು ಗಣೆಯೆಂಬ ಉದ್ದನೆಯ ಬಿದಿರ ಕೊಳಲು ಊದುತ್ತ ತಮ್ಮ ವೀರ ಜುಂಜಪ್ಪನ ಕಾವ್ಯ ಹಾಡುವಾಗಲೂ ಅಷ್ಟೇ. ಮುಂದೇನಾಗುತ್ತದೆಂದು ಗೊತ್ತಿರುವವರೇ ಕಿವಿಗೊಟ್ಟು ಕೇಳುವುದು.

ಇದೇ ತಾಲ್ಲೂಕುಗಳ ಹುಡುಗ ಹುಡುಗಿಯರು ಈಗ ಮೊಬೈಲಿನಲ್ಲಿ ಪುಸ್ತಕದ ಮಾತಾಡುವಾಗ ಮೊದಲು ಬರುವ ವಿನಂತಿ ಮಾತ್ರ ಬೇರೆ: ‘ಅಣ್ಣಾ, ಕೊನೆ ಹೇಳ್ಬೇಡಿ, ನಾನಿನ್ನೂ ಅರ್ಧದಲ್ಲಿದೀನಿ.’ ಇವರ ಆತಂಕದಲ್ಲಿ ಹುರುಳಿದೆಯೇ?

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಚೆಕಾಫ್, ಅಗಾಥಾ ಕ್ರಿಸ್ಟಿ, ರೋಲ್ಡ್ ಡಾಲ್ ಮುಂತಾದವರ 12 ಸಣ್ಣಕತೆಗಳನ್ನು ಆರಿಸಿ, ಕೆಲವರಿಗೆ ಕತೆಯನ್ನಷ್ಟೇ ಕೊಟ್ಟರು, ಕೆಲವರಿಗೆ ಗುಟ್ಟನ್ನು ಮೊದಲೇ ಹೇಳಿ ಕೊಟ್ಟರು. ಗುಟ್ಟು ತಿಳಿದು ಓದಿದವರೇ ಕತೆ ಹೆಚ್ಚು ಹಿಡಿಸಿತೆಂದರು. ಪತ್ತೇದಾರಿ ಕತೆಗಳಲ್ಲೂ ಹೀಗೇ ಆಯಿತು! ಎಲ್ಲಿಗೆ ಹೋಗುತ್ತಿದ್ದೇವೆಂದು ತಿಳಿದಿದ್ದರೆ ಮನಸ್ಸಿಗೆ ಎಳೆ ಹಿಡಿಯುವ ಶ್ರಮ ಕಡಿಮೆ, ಉಳಿದ ಗಮನ ಮಾತಿನ ಚೆಲುವಿಗೆ, ಪಾತ್ರದ ಒಳಗುದಿಗೆ ಸಿಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ.

ಆದರೆ ಮಾತು ಅಲ್ಲಿಗೇ ಮುಗಿಯಲಿಲ್ಲ. 2015ರಲ್ಲಿ ಬೆಂಜಮಿನ್ ಜಾನ್ಸನ್ ಮತ್ತು ಜೂಡಿತ್ ರೋಸೆನ್‌ಬಾಮ್ ನಡೆಸಿದ ಅಧ್ಯಯನದಲ್ಲಿ ಕೊನೆ ತಿಳಿಯದೆ ಓದಿದವರಿಗೇ ಹೆಚ್ಚು ಮಜಾ, ಹೆಚ್ಚು ಕುತೂಹಲ ಸಿಕ್ಕಿತ್ತು. ನನಗೆ ಎರಡೂ ಫಲಿತಾಂಶ ನಂಬುವಂತೆಯೇ ಕಾಣುತ್ತವೆ. ಕತೆಯ ಸುಖ ಒಂದೇ ಬಗೆಯದಲ್ಲ.

ಅಚ್ಚರಿಯ ಸುಖವನ್ನೇ ತೆಗೆದುಕೊಳ್ಳಿ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನ ಡೋಪಮಿನ್ ನರಕೋಶಗಳನ್ನು ಗಮನಿಸುತ್ತ ಕಂಡದ್ದು ಇದು: ನಿರೀಕ್ಷೆಯಿಲ್ಲದೆ ಹಣ್ಣಿನ ರಸದ ಹನಿ ಬಾಯಿಗೆ ಬಿದ್ದರೆ ಆ ಕೋಶಗಳು ಜೋರಾಗಿ ಮಿಡಿಯುತ್ತವೆ. ರಸಕ್ಕೆ ಮುಂಚೆ ಒಂದು ಸೂಚನೆ ಕೊಡುವುದು ರೂಢಿಯಾದರೆ ಮಿಡಿತ ಸೂಚನೆಯತ್ತ ಸರಿಯುತ್ತದೆ. ಆಮೇಲೆ ರಸ ಬಂದರೆ ಹೊಸ ಮಿಡಿತವಿಲ್ಲ. ಕಾದಂಬರಿಗೂ ಕೋತಿಯ ಹನಿರಸಕ್ಕೂ ಬಹಳ ದೂರ, ನಿಜ. ಆದರೂ ಅಂದಾಜು ಮೀರಿದಾಗ ಹುಟ್ಟುವ ಪುಳಕಕ್ಕೆ ಜೈವಿಕ ನೆಲೆಯೊಂದಿದೆ ಎಂಬುದರ ಸುಳಿವು ಇದರಲ್ಲಿದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟ ಎಲ್ಲಿಗೆ ಮುಟ್ಟುತ್ತದೆಂದು ಮೊದಲ ಓದಿನವರಿಗೆ ಹೇಳಿಬಿಟ್ಟರೆ ಆ ಪುಳಕ ಅವರಿಗೆ ಮತ್ತೆ ಸಿಗುವುದಿಲ್ಲ.

ಕಾತರದ ಕತೆ ಬೇರೆ. ಕೊನೆ ಗೊತ್ತಿದ್ದೂ ಎದೆ ಬಡಿದುಕೊಳ್ಳುವುದೇಕೆಂದು ಮನಶ್ಶಾಸ್ತ್ರಜ್ಞ ರಿಚರ್ಡ್ ಗೆರಿಗ್ 1980ರ ದಶಕದ ಕೊನೆಯಲ್ಲಿ ಪರೀಕ್ಷಿಸಿದರು. ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾದದ್ದು ಅಲ್ಲಿನವರಿಗೆಲ್ಲ ಗೊತ್ತು. ಆದರೂ ‘ಆಗುತ್ತಾರೋ ಇಲ್ಲವೋ’ ಎಂದು ಕಾತರ ಹುಟ್ಟಿಸುವಂತೆ ಬರೆದ ಕತೆ ಓದಿದವರು, ಅವರು ಮೊದಲ ಅಧ್ಯಕ್ಷರಾದರೆಂಬ ವಾಕ್ಯ ನಿಜವೋ ಸುಳ್ಳೋ ಎಂದು ಹೇಳಲು ಹೆಚ್ಚು ಸಮಯ ತೆಗೆದುಕೊಂಡರು. ಕತೆಯೊಳಗೆ ಮುಳುಗಿದ ಮನಸ್ಸು ನೆನಪಿನ ಉಗ್ರಾಣಕ್ಕೆ ಹೋಗಿ ಉತ್ತರ ತರುವುದಿಲ್ಲ, ಪ್ರತಿ ಸಲವೂ ಈಗಷ್ಟೇ ನಡೆಯುತ್ತಿರುವಂತೆ ನೋಡುತ್ತದೆ ಎಂಬುದು ಗೆರಿಗ್ ವಾದ. ‘ಕುರುಕ್ಷೇತ್ರ’ದ ಪ್ರೇಕ್ಷಕರಿಗೆ ಬೆಳಗಿನ ಮೂರು ಗಂಟೆಗೂ ತೂಕಡಿಕೆ ಬಾರದಿರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನಾನು ಕಂಡಿಲ್ಲ.

ಹಾಗಾದರೆ ಒಳ್ಳೆಯವರೇ ಯಾಕೆ ಗುಟ್ಟು ಬಿಟ್ಟುಕೊಡುತ್ತಾರೆ? ಬರೂಕ್ ಫಿಶಾಫ್ ಎಂಬ ಮನಶ್ಶಾಸ್ತ್ರಜ್ಞರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರಿಟಿಷರಿಗೂ ಗೂರ್ಖಾಗಳಿಗೂ 1814ರಲ್ಲಿ ನಡೆದ ಯುದ್ಧದ ವಿವರ ಕೊಟ್ಟು, ಬೇರೆ ಬೇರೆ ಗುಂಪಿಗೆ ಬೇರೆ ಬೇರೆ ಫಲಿತಾಂಶ ಹೇಳಿದ್ದರು. ಯಾವ ಫಲಿತಾಂಶ ಕೇಳಿದ್ದರೋ ಅದೇ ಹೆಚ್ಚು ಸಂಭವನೀಯವೆಂದು ಆಯಾ ಗುಂಪಿಗೆ ತೋರಿತು. ಓದಿ ಮುಗಿಸಿದವರ ಪಾಡೂ ಇದೇ. ಕೊಲೆ ಮಾಡಿದ್ದು ಯಾರೆಂದು ಮೂರನೇ ಅಧ್ಯಾಯದಲ್ಲೇ ಗೊತ್ತಾಗುತ್ತಿತ್ತಲ್ಲ ಅಂತ ಅವರು ನಿಜವಾಗಿ ನಂಬಿರುತ್ತಾರೆ.

ವಾರಪತ್ರಿಕೆಯ ಧಾರಾವಾಹಿಗಳ ಕಾಲದಲ್ಲಿ ಈ ತಾಪತ್ರಯ ಅಷ್ಟಿರಲಿಲ್ಲ. ‘ಸುಧಾ’ ಬಂದ ದಿನ ಎಲ್ಲ ಓದುಗರೂ ಒಂದೇ ಕಂತಿನಲ್ಲಿರುತ್ತಿದ್ದರು. ಮುಂದಿನದು ಯಾರಿಗೂ ಗೊತ್ತಿಲ್ಲದ್ದರಿಂದ ಊಹೆಗಳದ್ದೇ ಹಬ್ಬ. ಈಗ ಒಬ್ಬರು ಒಂದೇ ರಾತ್ರಿಯಲ್ಲಿ ಮುಗಿಸುತ್ತಾರೆ, ಇನ್ನೊಬ್ಬರು ಬಸ್ಸಿನಲ್ಲಿ ಹತ್ತತ್ತು ಪುಟ ಓದುತ್ತಾರೆ. ಅದಕ್ಕೇ ‘ನೀವು ಎಷ್ಟನೇ ಅಧ್ಯಾಯದಲ್ಲಿದ್ದೀರಿ?’ ಅಂತ ಕೇಳಿ ಮಾತು ಶುರುಮಾಡುವವರು ನನಗೆ ಬಹಳ ಇಷ್ಟ. ಭಾಷೆ ಹೇಗಿದೆ, ಊರು ಹೇಗೆ ಬಂದಿದೆ, ಯಾವ ಪಾತ್ರ ಕಾಡುತ್ತಿದೆ ಎಂಬುದನ್ನು ಕೊನೆ ಮುಟ್ಟದೆಯೇ ಗಂಟೆಗಟ್ಟಲೆ ಆಡಬಹುದು.

ಅಕಸ್ಮಾತ್ ಕಿವಿಗೆ ಬಿದ್ದುಬಿಟ್ಟರೆ ಅದನ್ನು ಮರೆಯಲು ಒದ್ದಾಡಬೇಡಿ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಹೇಳಿದಾಗ ಪ್ರಯೋಗಕ್ಕೆ ಬಂದವರ ತಲೆಯೊಳಗೆ ಕರಡಿ ಮತ್ತೆ ಮತ್ತೆ ನುಗ್ಗಿತ್ತು. ಪುಸ್ತಕ ತೆರೆದು ಓದುತ್ತ ಹೋಗಿ. ಬರಹಗಾರ ಗಟ್ಟಿಗನಾಗಿದ್ದರೆ ಇಪ್ಪತ್ತು ಪುಟದಲ್ಲಿ ನಿಮ್ಮನ್ನು ಒಳಗೆ ಎಳೆದುಕೊಂಡಿರುತ್ತಾನೆ.