ನಿಮಗಿದು ಗೊತ್ತೆ?: ಐದು ನದಿ ಹುಟ್ಟಿದರೂ ಹರಿಯುವ ನೀರಿಲ್ಲ

ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ ಹುಟ್ಟುವುದು ನಂದಿಬೆಟ್ಟದ ಆಸುಪಾಸಿನಲ್ಲೇ. ಆದರೂ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ! ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಪಾತ್ರ ಹೆಚ್ಚಿನ ದಿನ ಒಣಗಿಯೇ ಇರುತ್ತದೆ.

ಹವಾಮಾನ ಬದಲಾವಣೆ ಈ ಕಷ್ಟವನ್ನು ಹೆಚ್ಚಿಸಬಹುದು. ಉಷ್ಣಾಂಶ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಹಾಗಾಗಿ ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಇಲ್ಲದಿದ್ದರೆ ವಾರಗಟ್ಟಲೆ ಬಿಸಿಲು. 2021ರ ನವೆಂಬರ್‌ನಲ್ಲಿ ಇಲ್ಲಿನ ಕೆರೆಗಳು ಕೋಡಿ ಹರಿದವು, ಕೈಗೆ ಬಂದ ರಾಗಿ ಹೊಲದಲ್ಲೇ ನೆನೆಯಿತು. ರಭಸದ ನೀರು ಗಟ್ಟಿ ಕಲ್ಲಿನ ಈ ನೆಲದೊಳಗೆ ಇಂಗುವುದು ಕಡಿಮೆ. ಹೂಳು ತುಂಬಿದ, ಆಳವಿಲ್ಲದ ಕೆರೆಗಳಲ್ಲಿ ನಿಂತದ್ದೂ ಬೇಸಿಗೆಗೆ ಆವಿಯಾಗುತ್ತದೆ.

ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೆಟೊ ನಂಬಿರುವುದು ಕೊಳವೆಬಾವಿಗಳನ್ನು. ಎಷ್ಟೋ ಕಡೆ ಅವು 1,000 ಅಡಿ ದಾಟಿವೆ, ನೀರಿನಲ್ಲಿ ಫ್ಲೋರೈಡ್ ಬೇರೆ. ಈಗ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ಬರುತ್ತಿದೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾದ ಎತ್ತಿನಹೊಳೆ ನೀರಿನ ಯೋಜನೆಯತ್ತಲೂ ಜನ ಕಣ್ಣಿಟ್ಟಿದ್ದಾರೆ. ಅದಕ್ಕೂ ಆ ನೀರಿನ ಮೂಲವಾದ ಸಕಲೇಶಪುರದ ಕಾಡಿನಲ್ಲಿ ಮುಂಗಾರು ಚೆನ್ನಾಗಿ ಸುರಿಯಬೇಕು.