ಅಚ್ಚಿಲ್ಲದ ಬಂಡಿ, ಆಳೆತ್ತರದ ಹತ್ತಿ

ಅಮೆರಿಕದ ಹತ್ತಿ ಹೊಲದಲ್ಲಿ ಮರಗಾಲು ಕಟ್ಟಿಕೊಂಡಂಥ ಯಂತ್ರವೊಂದು ಔಷಧಿ ಹೊಡೆಯುವ ವಿಡಿಯೊ ನೋಡಿದ ಓದುಗರೊಬ್ಬರು, ‘ಒಂದು ಗಿಡವೂ ಮುರಿಯುವುದಿಲ್ಲವಲ್ಲ, ಹೇಗೆ?’ ಎಂದು ಕೇಳಿದ್ದಾರೆ. ಅಡ್ಡ ಬಂದು ಗಿಡ ಮುರಿಯುವ ಅಚ್ಚೇ ಕೆಳಗಿಲ್ಲ! ಹೊಟ್ಟೆಯ ಕೆಳಗೆ ಸುಮಾರು 6 ಅಡಿ ಬಯಲು. ಹಾಗಾದರೆ ಮೇಲಿರುವ ಎಂಜಿನ್ನು ಗಾಲಿ ತಿರುಗಿಸುವುದು ಹೇಗೆ? ಹಳೆಯ ಯಂತ್ರಗಳಲ್ಲಿ ಕಾಲಿನೊಳಗೆ ಚೈನು ಇಳಿಯುತ್ತಿತ್ತು. ಈಗ ಒತ್ತಡದ ಎಣ್ಣೆ ಪೈಪಿನಲ್ಲಿ ಇಳಿದು ಪ್ರತಿ ಗಾಲಿಯಲ್ಲಿ ಕೂತ ಪುಟ್ಟ ಮೋಟಾರನ್ನು ತಿರುಗಿಸುತ್ತದೆ. ಪೈಪಿಗೇನು, ಹೇಗೆ ಬೇಕಾದರೂ ಬಾಗುತ್ತದೆ.

ಹತ್ತಿಗೆ ಔಷಧಿ ಹೊಡೆಯುವ ಓಟಕ್ಕೆ ವೇಗ ಕೊಟ್ಟದ್ದು ಒಂದು ಮೂತಿಹುಳು. 1892ರ ಸುಮಾರಿಗೆ ಮೆಕ್ಸಿಕೊದಿಂದ ಟೆಕ್ಸಾಸಿಗೆ ನುಗ್ಗಿದ ಈ ಬೋಲ್ ವೀವಿಲ್ ಹತ್ತಿಯ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ರೈತರು ಹೇಸರಗತ್ತೆಯ ಮೇಲೆ ಯಂತ್ರ ಹೇರಿ, ಇಬ್ಬನಿಗೆ ಪುಡಿ ಅಂಟಲೆಂದು ರಾತ್ರಿ ಹೊತ್ತು ಆರ್ಸೆನಿಕ್ ವಿಷ ಎರಚಿದರು. 1922ರಲ್ಲಿ ಲೂಸಿಯಾನಾದ ಟಲ್ಲೂಲಾದಲ್ಲಿ ವಿಮಾನದಿಂದಲೇ ಎರಚಿ ನೋಡಲಾಯಿತು. ಆ ಉದ್ಯೋಗದಿಂದ ಹುಟ್ಟಿದ ಕಂಪನಿಯೇ ಇಂದಿನ ಡೆಲ್ಟಾ ಏರ್‌ಲೈನ್ಸ್! ಉದ್ದಗಾಲಿನ ಯಂತ್ರ ಬಂದದ್ದು 1947ರಲ್ಲಿ, ಅಯೋವಾದ ಮೆಕ್ಕೆಜೋಳದ ನಾಡಿನಿಂದ. ರೇ ಹೇಗಿ ಎಂಬಾತ ತಾನೇ ಓಡುವ ಎತ್ತರದ ಸಿಂಪಡಣಾ ಯಂತ್ರ ಕಟ್ಟಿದ.

ಯಂತ್ರ ಎತ್ತರವಿದ್ದರೆ ಔಷಧಿಯೂ ಎತ್ತರದಿಂದ ಬೀಳುತ್ತದೆ ಎಂದುಕೊಳ್ಳಬೇಡಿ. ನಳಿಕೆಗಳ ತೋಳು ಗಿಡದ ತುದಿಗಿಂತ ಸಾಮಾನ್ಯವಾಗಿ ಒಂದೂವರೆ ಅಡಿ ಮೇಲಿದ್ದರೆ ಸಾಕು. ‘ಬಿಳಿ ಮಂಜು ಎದ್ದರೆ ಮದ್ದು ಹತ್ತಿತು’ ಎಂಬ ನಂಬಿಕೆಯಂತೂ ಶುದ್ಧ ಮೂಢತನ. ಹನಿಯ ವ್ಯಾಸ ಅರ್ಧವಾದರೆ ಅಷ್ಟೇ ನೀರಿನಲ್ಲಿ ಎಂಟು ಹನಿ ಸಿಗುತ್ತವೆ, ನಿಜ. ಆದರೆ ತೀರಾ ಸಣ್ಣ ಹನಿಯನ್ನು ಗಾಳಿ ಪಕ್ಕದ ಹೊಲಕ್ಕೋ ನಿಮ್ಮ ಮೂಗಿಗೋ ಒಯ್ಯುತ್ತದೆ.

ತಮಾಷೆಯೆಂದರೆ, ಮೂತಿಹುಳುವನ್ನು ಅಮೆರಿಕದ ಬಹುತೇಕ ಕಡೆ ನಿರ್ಮೂಲ ಮಾಡಿದ ಮೇಲೂ ಯಂತ್ರಕ್ಕೆ ಕೆಲಸ ತಪ್ಪಿಲ್ಲ. ಕೊಯ್ಲಿಗೆ ಮುಂಚೆ ಎಲೆ ಉದುರಿಸುವ ಮದ್ದನ್ನೂ, ಗಿಡ ಎತ್ತರ ಬೆಳೆಯದಂತೆ ತಡೆಯುವ ಮೆಪಿಕ್ವಾಟ್ ಕ್ಲೋರೈಡನ್ನೂ ಹೊಡೆಯುವುದು ಈ ಉದ್ದಗಾಲಿನ ಯಂತ್ರವೇ!

ಅಲ್ಲಿ ಚಾಲಕ ವಿಷಕ್ಕಿಂತ ಮೇಲೆ, ಗಾಜಿನ ಕೋಣೆಯಲ್ಲಿ ಕೂತಿರುತ್ತಾನೆ. ನಮ್ಮಲ್ಲಿ ಬೆನ್ನಿಗೆ ಪಂಪು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರದ ಹತ್ತಿಯೊಳಗೆ ನಡೆದು ಔಷಧಿ ಹೊಡೆದ ಹಲವರು ವಿಷವೇರಿ ಸತ್ತರು. ರಾಯಚೂರು, ಹಾವೇರಿಯ ಹತ್ತಿ ಬೆಳೆಗಾರರೇ, ಗಿಡ ಎದೆಮಟ್ಟ ದಾಟಿದ್ದರೆ ಅಥವಾ ಗಾಳಿ ನಿಮ್ಮತ್ತ ಬೀಸುತ್ತಿದ್ದರೆ, ದಯವಿಟ್ಟು ಪಂಪು ಕೆಳಗಿಡಿ.